ಸುರುಳಿ ಬಿಡದ ಚರ್ಮದ ದಾರ: ದೋಷ ಹುಡುಕುವ ಬಗೆ, ನೆಟ್ಟಗೆ ಮಾಡುವ ಬಗೆ

ಚರ್ಮದ ದಾರ ನೆಟ್ಟಗಾಗುತ್ತಿಲ್ಲ ಅಂದಕೂಡಲೇ ಬಹಳ ಜನರ ಕೈ ಹೋಗುವುದು ಇಸ್ತ್ರಿ ಪೆಟ್ಟಿಗೆಗೆ, ಇಲ್ಲವೇ ಬಿಸಿನೀರಿನ ಪಾತ್ರೆಗೆ. ದಯವಿಟ್ಟು ಎರಡನ್ನೂ ಸದ್ಯಕ್ಕೆ ದೂರ ಇಡಿ. ಎಲ್ಲ ಸುರುಳಿಯೂ ನೋಡಲು ಒಂದೇ ಥರ ಇರುತ್ತದೆ, ಆದರೆ ಕಾರಣ ಬೇರೆ ಬೇರೆ. ಉಂಡೆಯಲ್ಲಿ ಸುತ್ತಿಟ್ಟದ್ದಕ್ಕೆ ಬಂದ ಬಾಗು ಬೇರೆ, ಬಿಚ್ಚುವಾಗ ಸೇರಿದ ತಿರುಚು ಬೇರೆ, ಒಣಗಿ ಬಿರುಸಾದದ್ದು ಬೇರೆ. ಕಾರಣ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಗೊತ್ತಾಗದೆ ಬಿಸಿ ತಾಗಿಸಿದರೆ ದಾರ ಕೈಬಿಟ್ಟು ಹೋಗುತ್ತದೆ, ಮತ್ತೆ ಸರಿಯಾಗುವುದಿಲ್ಲ.

ಮನೆಯಲ್ಲೇ ಕೂತು ಕವಡೆ ಸರ, ಪದಕದ ದಾರ, ಬ್ರೇಸ್‌ಲೆಟ್, ಕೀಚೈನ್ ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. 1 ಮಿಲಿಮೀಟರ್‌ನಿಂದ 5 ಮಿಲಿಮೀಟರ್‌ವರೆಗಿನ ಗುಂಡು ದಾರ, ಚಪ್ಪಟೆ ಬಾರು ಎರಡಕ್ಕೂ ಹೊಂದುತ್ತದೆ. ನಮ್ಮ ದಾವಣಗೆರೆ, ಚಿತ್ರದುರ್ಗದ ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಬೇರೆ ಊರಿನ ಗೋದಾಮಿನಲ್ಲಿ ಮೆತ್ತಗಿದ್ದ ದಾರ ಮಾರ್ಚ್, ಏಪ್ರಿಲ್‌ನಲ್ಲಿ ಇಲ್ಲಿಗೆ ಬಂದರೆ ಕೆಲವೇ ದಿನದಲ್ಲಿ ಬಿರುಸಾಗುತ್ತದೆ. ಇಲ್ಲಿನ ಒಣಗಾಳಿ ಚರ್ಮದೊಳಗಿನ ತೇವವನ್ನು ಎಳೆದುಕೊಂಡುಬಿಡುತ್ತದೆ. ಸಾಮಾನ್ಯ ಹವೆಯಲ್ಲಿ ಹದ ಮಾಡಿದ, ಅಂದರೆ ಕೊಳೆಯದಂತೆ ಸಂಸ್ಕರಿಸಿದ, ಚರ್ಮದ ತೂಕದಲ್ಲಿ ಶೇ. 12ರಿಂದ 15ರ ಆಸುಪಾಸು ನೀರೇ ಇರುತ್ತದೆ. ಅದು ಕಡಿಮೆಯಾದಷ್ಟೂ ದಾರ ಹಟಮಾರಿಯಾಗುತ್ತದೆ.

ಮೊದಲು ಕೇಳಬೇಕಾದ್ದು: ಇದು ಚರ್ಮವೇ?

ಕೇಳಲು ವಿಚಿತ್ರ ಅನ್ನಿಸಬಹುದು. ಆದರೆ ಪೇಟೆಯಲ್ಲಿ ‘ಲೆದರ್ ಕಾರ್ಡ್’ ಎಂದು ಮಾರುವುದರಲ್ಲಿ ರೆಕ್ಸಿನ್ ಹೊದಿಸಿದ ಹತ್ತಿ ದಾರವೂ ಇರುತ್ತದೆ, ಮೇಣ ಹಚ್ಚಿದ ಹತ್ತಿ ದಾರವೂ ಇರುತ್ತದೆ. ಚೂಪು ಬ್ಲೇಡಿನಿಂದ ತುದಿಯನ್ನು ಅಡ್ಡ ಕೊಯ್ದು ನೋಡಿ. ಒಳಗೆಲ್ಲ ಒಂದೇ ಥರದ ನವಿರು ನಾರು ಕಂಡರೆ ಚರ್ಮ. ಮೇಲೊಂದು ತೆಳು ಸಿಪ್ಪೆ, ಒಳಗೆ ನೂಲಿನ ಎಳೆಗಳು ಕಂಡರೆ ಅಲ್ಲ. ಇನ್ನೂ ಅನುಮಾನ ಇದ್ದರೆ ಉಗುರಿನಷ್ಟು ಚೂರನ್ನು ಇಕ್ಕಳದಲ್ಲಿ ಹಿಡಿದು ಹೊರಗೆ ಬಯಲಲ್ಲಿ ಸುಡಿ. ಚರ್ಮ ಕೂದಲು ಸುಟ್ಟ ವಾಸನೆ ಹೊಡೆಯುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ರೆಕ್ಸಿನ್ ಕರಗಿ ಗಟ್ಟಿ ಹನಿಯಾಗುತ್ತದೆ.

ಚರ್ಮ ಅಂತ ಖಾತ್ರಿಯಾದ ಮೇಲೆ ಒಂದು ಹನಿ ನೀರು ಇಡಿ. ಹನಿ ಇಂಗಿ ಆ ಜಾಗ ಬೇಗ ಕಪ್ಪಗಾದರೆ ಅದು ಬಹುಪಾಲು ತೊಗಟೆಯಿಂದ ಹದ ಮಾಡಿದ ಚರ್ಮ. ನಮ್ಮ ಚಿತ್ರದುರ್ಗದ ಬಯಲಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡ ಇದೆಯಲ್ಲ, ಅದರ ತೊಗಟೆ ಈ ಕೆಲಸಕ್ಕೆ ಹಿಂದಿನಿಂದಲೂ ಬಳಕೆಯಲ್ಲಿದೆ. ಅಳಲೆಕಾಯಿಯೂ ಅಷ್ಟೇ. ಇಂಥ ಚರ್ಮ ತೇವದಲ್ಲಿ ಹೇಳಿದ ಮಾತು ಕೇಳುತ್ತದೆ, ಒಣಗಿದ ಮೇಲೆ ಆ ಆಕಾರ ಬಿಡುವುದಿಲ್ಲ. ಹನಿ ಹಾಗೇ ನಿಂತರೆ ಕ್ರೋಮ್ ಹದ (ತೊಗಟೆಯ ಬದಲು ಕ್ರೋಮಿಯಂ ಲವಣದಿಂದ ಮಾಡಿದ್ದು) ಇರಬಹುದು, ಇಲ್ಲವೇ ಮೇಲೆ ಬಣ್ಣದ ದಪ್ಪ ಲೇಪ ಇರಬಹುದು. ಅಡ್ಡ ಕೊಯ್ದ ತುದಿಯ ನಡುಭಾಗ ನೀಲಿ-ಬೂದು ಬಣ್ಣ ಇದ್ದರೆ ಕ್ರೋಮ್. ಅದು ಮೆದು, ಬಾಗುತ್ತದೆ, ಆದರೆ ತೇವದಿಂದ ಕೂರಿಸಿದ ಆಕಾರವನ್ನು ಅಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುವುದಿಲ್ಲ. ತಾಳ್ಮೆ ಜಾಸ್ತಿ ಬೇಕು.

ಕೊನೆಗೆ ಒದ್ದೆ ಬಿಳಿ ಬಟ್ಟೆಯಿಂದ ಒಂದು ಸಲ ಒರೆಸಿ ನೋಡಿ. ಬಣ್ಣ ಬಟ್ಟೆಗೆ ಹತ್ತಿದರೆ ಆ ದಾರವನ್ನು ನೆನೆಸಬಾರದು, ತೇವದ ಬಟ್ಟೆಯಲ್ಲಿ ಸುತ್ತಿ ಮಾತ್ರ ಮೆತ್ತಗೆ ಮಾಡಬೇಕು. ಅದೇ ಬಣ್ಣ ನಾಳೆ ಬೆವರಿಗೆ ಕೊರಳಿಗೂ ಹತ್ತುತ್ತದೆ, ಗಿರಾಕಿಗೆ ಮೊದಲೇ ಹೇಳಿಬಿಡಿ.

ಸುರುಳಿಯ ಗುರುತು

ಒಂದು ಮಾರು ಉದ್ದದ ತುಂಡನ್ನು ಮೇಜಿನ ಮೇಲೆ ಬಿಡಿ. ಎಳೆಯಬೇಡಿ, ತಿದ್ದಬೇಡಿ. ಅದು ಮೇಜಿಗೆ ಅಂಟಿಕೊಂಡೇ ದುಂಡಗೆ, ಎಲ್ಲೆಡೆ ಒಂದೇ ಅಳತೆಯಲ್ಲಿ ಬಾಗಿದ್ದರೆ ಉಂಡೆಯ ಬಾಗು. ಸ್ಪ್ರಿಂಗಿನಂತೆ ಮೇಲೆದ್ದು ಕುಣಿದರೆ ತಿರುಚು. ಅಲ್ಲಲ್ಲಿ ಮೊಣಕೈಯಂತೆ ಚೂಪಾಗಿ ಮಡಿದಿದ್ದರೆ ಅದು ಕವರಿನಲ್ಲಿ ತುರುಕಿದ್ದರಿಂದ ಬಿದ್ದ ಮಡಿಕೆ. ಚಪ್ಪಟೆ ಬಾರು ಮೇಲಕ್ಕೆ ಏಳದೆ ಪಕ್ಕಕ್ಕೆ ವಾಲಿ ಬಿಲ್ಲಾಗಿದ್ದರೆ ಅದು ಕತ್ತರಿಸುವಾಗಲೇ ಬಂದ ವಾರೆ.

ಆಮೇಲೆ ಅದೇ ತುಂಡಿನ ಒಂದು ತುದಿಯನ್ನು ಬಟ್ಟೆಯ ಪ್ಲಾಸ್ಟಿಕ್ ಕ್ಲಿಪ್‌ನಿಂದ ಸಿಕ್ಕಿಸಿ ಗೋಡೆಗೆ ತಾಗದಂತೆ ನೇತುಬಿಡಿ. ಕೆಳತುದಿ ತನ್ನಷ್ಟಕ್ಕೆ ತಿರುಗತೊಡಗಿದರೆ ತಿರುಚು ಇದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಬಾಗಿಸಿದಾಗ ಸಣ್ಣಗೆ ಚಿಟಿಚಿಟಿ ಸದ್ದು ಬಂದು ಹೊರಮೈಯಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ ದಾರ ಒಣಗಿದೆ. ಆಗ ಉಳಿದ ಯಾವ ಕೆಲಸಕ್ಕೂ ಮುಂಚೆ ಅದಕ್ಕೆ ತೇವ ಕೊಡಬೇಕು. ಒಣಗಿದ ದಾರವನ್ನು ಬಲವಂತವಾಗಿ ಎಳೆದರೆ ಮೇಲ್ಪದರ ಸೀಳುತ್ತದೆ.

ತಿರುಚು: ಎಲ್ಲರೂ ತಪ್ಪಾಗಿ ಗುರುತಿಸುವ ದೋಷ

ಇದಕ್ಕೆ ಹೆಚ್ಚು ಜಾಗ ಕೊಡುತ್ತೇನೆ. ‘ಎಷ್ಟು ಸಲ ನೆನೆಸಿ ಒಣಗಿಸಿದರೂ ಮತ್ತೆ ಸುತ್ತಿಕೊಳ್ಳುತ್ತದೆ’ ಅನ್ನುವ ದೂರು ಕೇಳಿದಾಗೆಲ್ಲ ನಾನು ಮೊದಲು ನೋಡುವುದು ಇದನ್ನೇ.

ಹೊಳಲ್ಕೆರೆ ಕಡೆಯ ಒಬ್ಬರು ಕವಡೆ ಪದಕದ ಸರ ಮಾಡಿ ಜಾತ್ರೆಗಳಲ್ಲಿ ಮಾರುತ್ತಾರೆ. ಸರವನ್ನು ಕೈಗಿಟ್ಟು, “ಅಕ್ಕಾರ, ದಾರ ನೆಟ್ಟಗೇ ಐತಿ, ಕೊರಳಿಗೆ ಹಾಕ್ಕೊಂಡ್ರೆ ಪದಕ ಬೆನ್ನು ತಿರುಗಿಸ್ತೈತಿ ನೋಡ್ರಿ” ಅಂದರು. “ದಾರ ಉಂಡೆಯಿಂದ ಹೆಂಗ ಬಿಚ್ತೀರಿ?” ಎಂದು ಕೇಳಿದೆ. ಉಂಡೆಯನ್ನು ನೆಲದ ಮೇಲೆ ನಿಲ್ಲಿಸಿ ಮೇಲಿನಿಂದ ಸರಸರ ಎಳೆದು ತೋರಿಸಿದರು. ದೋಷ ಅಲ್ಲೇ ಇತ್ತು.

ಉಂಡೆ ತಿರುಗದೆ ನಿಂತಿರುವಾಗ ಅದರ ತಲೆಯ ಕಡೆಯಿಂದ ದಾರ ಎಳೆದರೆ, ಬಿಚ್ಚುವ ಪ್ರತಿ ಸುತ್ತಿಗೂ ದಾರದೊಳಗೆ ಒಂದು ಪೂರ್ತಿ ತಿರುಚು ಸೇರುತ್ತದೆ. ಸಣ್ಣ ಉಂಡೆಯಾದರೆ ಒಂದು ಮಾರು ದಾರದಲ್ಲಿ ಇಂಥವು ಹತ್ತು ಹನ್ನೆರಡು ಸೇರಿಬಿಡುತ್ತವೆ. ನೂಲಿನ ದಾರದಲ್ಲಿ ಇದು ಗೊತ್ತಾಗುವುದಿಲ್ಲ, ಚರ್ಮ ಮಾತ್ರ ಮರೆಯುವುದಿಲ್ಲ. ಅವರು ಆ ದಾರವನ್ನು ಒದ್ದೆ ಮಾಡಿ, ಬಟ್ಟೆ ಒಣಹಾಕುವ ತಂತಿಗೆ ಎರಡೂ ತುದಿ ಕ್ಲಿಪ್ ಹಾಕಿ ಬಿಗಿಯಾಗಿ ಒಣಗಿಸಿದ್ದರು. ಕಣ್ಣಿಗೆ ನೆಟ್ಟಗಾಯಿತು, ಒಳಗಿನ ತಿರುಚು ಹಾಗೇ ಬೀಗ ಬಿದ್ದಂತೆ ಕೂತುಬಿಟ್ಟಿತು.

ಬಿಳಿ ಪೆನ್ಸಿಲ್‌ನಿಂದ ಇದನ್ನು ಕಣ್ಣಾರೆ ನೋಡಬಹುದು. ದಾರ ಮೇಜಿನ ಮೇಲೆ ಬಿಗಿಯಾಗಿ ಕಟ್ಟಿರುವಾಗಲೇ ಮೇಲ್ಮೈ ಉದ್ದಕ್ಕೂ ಒಂದು ಗೆರೆ ಎಳೆಯಿರಿ. ಈಗ ಒಂದು ತುದಿ ಬಿಟ್ಟು, ದಾರ ನೇತುಹಾಕಿ ಸ್ವಲ್ಪ ತೇವ ಕೊಡಿ. ತಿರುಚು ಇಲ್ಲದಿದ್ದರೆ ಗೆರೆ ನೇರವಾಗೇ ಉಳಿಯುತ್ತದೆ. ಇದ್ದರೆ ಕೆಳತುದಿ ಮೆಲ್ಲಗೆ ತಿರುಗುತ್ತಾ ಆ ಗೆರೆ ದಾರವನ್ನು ಬಳಸಿಕೊಂಡು ಹೋಗುವುದು ಕಾಣುತ್ತದೆ. ಆ ಸರದ ದಾರದಲ್ಲಿ ಹಾಗೇ ಆಯಿತು. ಅವರು ಮಾತಾಡದೆ ನೋಡುತ್ತಾ ನಿಂತರು.

ಇದಕ್ಕೆ ಮದ್ದು ಸುಲಭ, ಆದರೆ ಕ್ರಮ ತಪ್ಪಬಾರದು. ಪದಕ, ಕವಡೆ, ಕೊಂಡಿ ಎಲ್ಲ ಬಿಚ್ಚಿ ಬರೀ ದಾರ ಉಳಿಸಿಕೊಳ್ಳಿ. ಒಂದು ತುದಿ ಮೇಲೆ ಸಿಕ್ಕಿಸಿ, ಕೆಳತುದಿಗೆ ಹತ್ತಿ ನೂಲಿನಿಂದ ಒಂದು ಸಣ್ಣ ಬೀಗ ಕಟ್ಟಿ. ಬೀಗ ಗೋಡೆಗಾಗಲಿ ಬಾಗಿಲಿಗಾಗಲಿ ತಾಗಬಾರದು, ತಿರುಗಲು ಪೂರ್ತಿ ಬಿಡುವು ಇರಬೇಕು. ಅದು ಒಂದು ಕಡೆಗೆ ತಿರುಗುತ್ತದೆ, ನಿಲ್ಲುತ್ತದೆ, ಹಿಂದಕ್ಕೆ ತಿರುಗುತ್ತದೆ. ಈ ಓಡಾಟ ನಿಂತ ಮೇಲೆಯೇ ನೀರು ಚಿಮುಕಿಸಿ. ತೇವ ಒಳಗಿಳಿದಾಗ ಇನ್ನೊಮ್ಮೆ ತಿರುಗುತ್ತದೆ, ತಡೆಯಬೇಡಿ. ಅದು ತಾನಾಗಿ ನಿಂತಲ್ಲೇ ಒಣಗಲಿ. ತಿರುಚು ಬಿಡಿಸುವುದು ಮೊದಲು, ನೆಟ್ಟಗೆ ಮಾಡುವುದು ಆಮೇಲೆ. ಇದನ್ನು ಹಿಂದುಮುಂದು ಮಾಡಿದರೆ ದಾರ ಹಿಂದಿನ ಸ್ಥಿತಿಗೇ ಹೋಗುತ್ತದೆ.

ಮುಂದೆ ದಾರ ಬಿಚ್ಚುವಾಗ ಉಂಡೆಯ ನಡುವೆ ಒಂದು ಪೆನ್ಸಿಲ್ ತೂರಿಸಿ, ಉಂಡೆಯೇ ಉರುಳುವಂತೆ ಎಳೆಯಿರಿ. ಅಷ್ಟರಿಂದಲೇ ಈ ತೊಂದರೆ ಬಹುಪಾಲು ಬರುವುದಿಲ್ಲ.

ಉಂಡೆಯ ಬಾಗು: ತೇವ, ತೂಕ, ನೆರಳು

ಚರ್ಮ ಅಂದರೆ ಒಂದಕ್ಕೊಂದು ಹೆಣೆದುಕೊಂಡ, ಕೊಲಾಜೆನ್ ಎಂಬ ಪ್ರೋಟೀನಿನ ನಾರುಗಳು. ನಡುವೆ ನೀರು ಸೇರಿದಾಗ ಅವು ಒಂದರ ಮೇಲೊಂದು ಜಾರಲು ಸಡಿಲವಾಗುತ್ತವೆ. ನೀರು ಹೋಗುತ್ತಿದ್ದಂತೆ ಎಲ್ಲಿದ್ದವೋ ಅಲ್ಲೇ ಮತ್ತೆ ಹಿಡಿದುಕೊಳ್ಳುತ್ತವೆ. ಹಾಗಾಗಿ ದಾರವನ್ನು ಎಷ್ಟು ನೆನೆಸಿದಿರಿ ಅನ್ನುವುದು ದೊಡ್ಡ ವಿಷಯವೇ ಅಲ್ಲ, ಒಣಗುವಾಗ ಅದು ಯಾವ ಆಕಾರದಲ್ಲಿತ್ತು ಅನ್ನುವುದೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಒದ್ದೆ ಇರುವಾಗ ಎಳೆದೆಳೆದು ನೇರ ಮಾಡಿ, ಆಮೇಲೆ ಮೇಜಿನ ಮೇಲೆ ಹಾಗೇ ಬಿಟ್ಟು ಹೋದರೆ ಪಟ್ಟ ಶ್ರಮವೆಲ್ಲ ದಂಡ.

ಬಕೆಟ್ಟಿನಲ್ಲಿ ಮುಳುಗಿಸುವ ಅಗತ್ಯ ಇಲ್ಲ. ಹತ್ತಿ ಬಟ್ಟೆಯನ್ನು ಒದ್ದೆ ಮಾಡಿ ಚೆನ್ನಾಗಿ ಹಿಂಡಿ, ದಾರವನ್ನು ಅದರೊಳಗೆ ಸಡಿಲವಾಗಿ ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ಅರ್ಧ ಗಂಟೆ ಇಡಿ. 4, 5 ಮಿಲಿಮೀಟರ್ ದಪ್ಪದ್ದಾದರೆ ಒಂದು ಗಂಟೆ ಇರಲಿ. ಮೇಲ್ಮೈ ಮಾತ್ರ ಒದ್ದೆಯಾಗಿ ನಡುಭಾಗ ಒಣಗಿದ್ದರೆ ಬಾಗು ಮತ್ತೆ ಬರುತ್ತದೆ, ತೇವ ಒಳಗಿನವರೆಗೂ ಸಮನಾಗಿ ಇಳಿಯಲಿ ಎಂದೇ ಈ ಕಟ್ಟಿಡುವ ಕ್ರಮ. ಹದ ಬಂದಿದೆಯೇ ಎಂದು ತಿಳಿಯಲು ದಾರವನ್ನು ಕೆನ್ನೆಗೆ ತಾಗಿಸಿ. ತಣ್ಣಗಿರಬೇಕು, ಬಣ್ಣ ಒಂದು ಛಾಯೆ ಗಾಢವಾಗಿರಬೇಕು, ಬೆರಳಿಂದ ಒತ್ತಿದರೆ ನೀರು ಒಸರಬಾರದು.

ಈಗ ನೇತುಹಾಕಿ. 2 ಮಿಲಿಮೀಟರ್ ದಾರಕ್ಕೆ 100 ಗ್ರಾಂ ಆಸುಪಾಸಿನ ಒಂದು ಬೀಗ ಸಾಕು. 3 ಮಿಲಿಮೀಟರ್ ಆದರೆ ಎರಡು, 5 ಮಿಲಿಮೀಟರ್‌ಗೆ ಅರ್ಧ ಲೀಟರ್ ನೀರಿನ ಬಾಟಲಿ. ಇದಕ್ಕಿಂತ ಹೆಚ್ಚು ತೂಕ ಹಾಕಿದರೆ ಬೇಗ ನೆಟ್ಟಗಾಗುತ್ತದೆ ಅನ್ನುವ ಆಸೆ ಬೇಡ. ಹೊಟ್ಟೆಯ ಭಾಗದ ಚರ್ಮ ಸಡಿಲ, ಬೆನ್ನಿನ ಭಾಗದ್ದು ಗಟ್ಟಿ. ಒಂದೇ ದಾರದಲ್ಲಿ ಎರಡೂ ಸೇರಿರಬಹುದು. ತೂಕ ಜಾಸ್ತಿಯಾದರೆ ಸಡಿಲ ಜಾಗ ಎಳೆದು ಸಣ್ಣಗಾಗುತ್ತದೆ, ದಾರ ಹರಿಯುವುದು ಅಲ್ಲೇ. ಅತಿಯಾಗಿ ಎಳೆಸಿದ ದಾರ ಮುಂದೆ ಬೆವರಿಗೆ ನೆನೆದಾಗ ಹಿಂದಕ್ಕೆ ಕುಗ್ಗುವುದೂ ಉಂಟು. ನೇತುಹಾಕುವ ಮುಂಚೆ ಒಮ್ಮೆ, ಒಣಗಿದ ಮೇಲೆ ಒಮ್ಮೆ ಅಳೆಯಿರಿ. ಒಂದು ಮೀಟರಿಗೆ ಎರಡು ಬೆರಳಿಗಿಂತ ಹೆಚ್ಚು ಉದ್ದವಾಗಿದ್ದರೆ ಮುಂದಿನ ಸಲ ತೂಕ ಇಳಿಸಿ.

ಗುಂಡು ದಾರದಲ್ಲಿ ಎರಡು ತುಂಡನ್ನು ಓರೆಯಾಗಿ ಕೊಯ್ದು ಅಂಟಿಸಿದ ಜೋಡಣೆಗಳು ಇರುತ್ತವೆ. ಬೆರಳಾಡಿಸಿದರೆ ಅಲ್ಲಿ ಸಣ್ಣ ಉಬ್ಬೋ ಬಿರುಸೋ ಸಿಗುತ್ತದೆ. ನೀರಿಗೆ ಆ ಅಂಟು ಬಿಟ್ಟುಕೊಳ್ಳಬಹುದು. ಸಾಧ್ಯವಾದರೆ ಜೋಡಣೆ ಇರುವಲ್ಲಿ ಕತ್ತರಿಸಿಯೇ ಕೆಲಸ ಶುರುಮಾಡಿ.

ಒಣಗಿಸುವುದು ನೆರಳಲ್ಲಿ, ಫ್ಯಾನಿನ ನೇರ ಗಾಳಿ ಇಲ್ಲದ ಕಡೆ. ಬೇಸಿಗೆಯಲ್ಲಿ ರಾತ್ರಿ ಹಾಕಿದರೆ ಬೆಳಿಗ್ಗೆಗೆ ಸಿದ್ಧ. ಜುಲೈ, ಆಗಸ್ಟ್‌ನ ಜಡಿಮಳೆಯಲ್ಲಿ ಇನ್ನೊಂದು ದಿನ ಬೇಕಾಗುತ್ತದೆ, ಆಗ ಬೂಷ್ಟು ಹಿಡಿಯದಂತೆ ಗಾಳಿಯಾಡುವ ಜಾಗ ನೋಡಿಕೊಳ್ಳಿ. ಮೇಲ್ಮೈ ಒಣಗಿದ ಮಾತ್ರಕ್ಕೆ ಇಳಿಸಬೇಡಿ. ಮತ್ತೆ ಕೆನ್ನೆಗೆ ತಾಗಿಸಿ: ತಣ್ಣಗಿದ್ದರೆ ಒಳಗೆ ತೇವ ಇದೆ. ಇಳಿಸಿದ ಮೇಲೂ ತೂಕವಿಲ್ಲದೆ ಒಂದು ಗಂಟೆ ಬಿಟ್ಟು, ಆಮೇಲೆ ಅಳತೆಗೆ ಕತ್ತರಿಸಿ. ಒದ್ದೆ ಇರುವಾಗ ಕತ್ತರಿಸಿದ ಅಳತೆ ಒಣಗಿದ ಮೇಲೆ ಉಳಿಯುವುದಿಲ್ಲ.

ಕಪ್ಪು ಕಲೆ ಬಂತೇ? ನೀರನ್ನು ನೋಡಿ

ದಾರ ನೆಟ್ಟಗಾಯಿತು, ಆದರೆ ಮೈಮೇಲೆ ನೀಲಿ-ಕಪ್ಪು ಕಲೆ ಎದ್ದಿತು. ಈ ದೂರು ನಮ್ಮ ಕಡೆ ಬರಲು ಒಂದು ಕಾರಣ ಬೋರ್‌ವೆಲ್ ನೀರು. ನೀರಿನಲ್ಲಿ ಕಬ್ಬಿಣದ ಅಂಶ ಇದ್ದರೆ, ತೊಗಟೆಯ ಹದದಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶದ ಜೊತೆ ಸೇರಿ ಅದು ಕಪ್ಪಾಗುತ್ತದೆ. ಬಕೆಟ್ಟಿನಲ್ಲಿ ರಾತ್ರಿಯಿಡೀ ಇಟ್ಟ ನೀರಿನ ತಳದಲ್ಲಿ ಕೆಂಪು ಗಸಿ ಕಂಡರೆ ಆ ನೀರು ತಿಳಿ ಬಣ್ಣದ ದಾರಕ್ಕೆ ಬೇಡವೇ ಬೇಡ. ದಾವಣಗೆರೆಯಲ್ಲಿ ಕುಂದವಾಡ ಕೆರೆಯ ನೀರು ನಲ್ಲಿಯಲ್ಲಿ ಬಂದ ದಿನ ಒಂದು ಬಾಟಲಿ ತುಂಬಿಟ್ಟುಕೊಳ್ಳಿ, ಇಲ್ಲವೇ ಕುಡಿಯುವ ಫಿಲ್ಟರ್ ನೀರು ಬಳಸಿ. ಒಂದು ಲೋಟದಲ್ಲಿ ಹತ್ತು ಸರದ ಕೆಲಸ ಆಗುತ್ತದೆ.

ಕಾಗದ ಹಿಡಿಯುವ ಕಬ್ಬಿಣದ ಕ್ಲಿಪ್, ಗುಂಡುಸೂಜಿ, ತುಕ್ಕು ಹಿಡಿದ ತಂತಿ ಇವೂ ಒದ್ದೆ ದಾರಕ್ಕೆ ತಾಗಿದಲ್ಲಿ ಇದೇ ಕಲೆ ಬಿಡುತ್ತವೆ. ಬೀಗವನ್ನು ನೇರವಾಗಿ ಕಟ್ಟದೆ ನೂಲಿನಿಂದ ಕಟ್ಟಿ ಎಂದದ್ದು ಅದಕ್ಕೇ. ಕಲೆ ಹೊಸದಾಗಿದ್ದರೆ ಒಂದು ಲೋಟ ನೀರಿಗೆ ಅರ್ಧ ನಿಂಬೆಹಣ್ಣು ಹಿಂಡಿ, ಹತ್ತಿಯಲ್ಲಿ ಅದ್ದಿ ಕಲೆಯ ಮೇಲೆ ಒತ್ತಿ. ಮಸುಕಾದ ಮೇಲೆ ಶುದ್ಧ ನೀರಿನಿಂದ ಒರೆಸಿ ಮತ್ತೆ ನೇತುಹಾಕಿ. ಹಳೆಯ ಕಲೆ ಪೂರ್ತಿ ಹೋಗುವುದಿಲ್ಲ. ಅಂಥ ದಾರವನ್ನು ಕಪ್ಪು ಬಣ್ಣದ ಕೆಲಸಕ್ಕೆ ಎತ್ತಿಡುವುದೇ ಒಳ್ಳೆಯದು.

ಬಿಸಿ ಯಾಕೆ ಬೇಡ

ಹದ ಮಾಡದ ತೊಗಲು ನೀರಿನಲ್ಲಿ 60ರಿಂದ 65 ಡಿಗ್ರಿ ಸೆಲ್ಸಿಯಸ್ ಬಿಸಿಗೇ ಮುದುಡುತ್ತದೆ. ತೊಗಟೆಯ ಹದದ್ದು ಸುಮಾರು 70ರಿಂದ 85 ಡಿಗ್ರಿವರೆಗೆ ತಡೆಯುತ್ತದೆ, ಕ್ರೋಮ್ ಹದದ್ದು 100 ಡಿಗ್ರಿಯ ಹತ್ತಿರ ಅಥವಾ ಅದಕ್ಕೂ ಮೇಲೆ. ಇಸ್ತ್ರಿ ಪೆಟ್ಟಿಗೆಯನ್ನು ಅತಿ ಕಡಿಮೆಗೆ ಇಟ್ಟರೂ ಅದರ ತಳ ಸುಲಭವಾಗಿ 100 ಡಿಗ್ರಿ ದಾಟುತ್ತದೆ. ಅದನ್ನು ಒದ್ದೆ ದಾರದ ಮೇಲೆ ಇಟ್ಟರೆ ಕೊಲಾಜೆನ್ ಕುಗ್ಗಿ, ದಾರ ಗಿಡ್ಡವಾಗಿ, ಗಟ್ಟಿಯಾಗಿ, ಬಾಗಿಸಿದರೆ ಲಟ್ಟನೆ ಮುರಿಯುತ್ತದೆ. ಎಣ್ಣೆ ಹಚ್ಚಿದರೂ, ಮತ್ತೆ ನೆನೆಸಿದರೂ ಅದು ಹಿಂದಿನಂತಾಗುವುದಿಲ್ಲ.

ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಮಾಡಿನ ಮೇಲೆ ಒಣಹಾಕುವುದೂ, ಕಾರಿನ ಮುಂಗಾಜಿನ ಕೆಳಗೆ ಬಿಡುವುದೂ ಬೇಡ. ಹೇರ್ ಡ್ರೈಯರ್ ಬಳಸಲೇಬೇಕಾದರೆ ತಣ್ಣನೆ ಗಾಳಿಗಿಟ್ಟು, ಒಂದು ಮೊಳ ದೂರದಿಂದ. ಪೂರ್ತಿ ಒಣಗಿರುವ ಕ್ರೋಮ್ ಹದದ ಚಪ್ಪಟೆ ಬಾರಿಗೆ ಮಾತ್ರ, ಮೇಲೆ ಹತ್ತಿ ಬಟ್ಟೆ ಹಾಸಿ ಅತಿ ಕಡಿಮೆ ಬಿಸಿಯಲ್ಲಿ ಒಂದು ಸಲ ಸವರಬಹುದು. ಅದೂ ತುದಿಯ ಚೂರಿನ ಮೇಲೆ ನೋಡಿಕೊಂಡು.

ಮಡಿಕೆ, ವಾರೆ, ಒಣಕಲು

ಚೂಪು ಮಡಿಕೆ ಇರುವ ಜಾಗಕ್ಕೆ ಮಾತ್ರ ಒದ್ದೆ ಹತ್ತಿ ಸುತ್ತಿ ಹತ್ತು ನಿಮಿಷ ಬಿಡಿ. ಆಮೇಲೆ ಹೆಬ್ಬೆರಳು, ತೋರುಬೆರಳಿನ ನಡುವೆ ಇಟ್ಟು ಮೆಲ್ಲಗೆ ಉರುಳಿಸಿ, ಮಡಿಕೆಯ ಎದುರು ದಿಕ್ಕಿಗೆ ಸ್ವಲ್ಪ ಬಾಗಿಸಿ. ನಂತರ ತೂಕ ಕಟ್ಟಿ ನೇತುಹಾಕಿ. ಮಡಿಕೆಯ ಹೊರಗೆರೆಯಲ್ಲಿ ಮೇಲ್ಪದರ ಒಡೆದಿದ್ದರೆ ದಾರ ನೆಟ್ಟಗಾದರೂ ಗೆರೆ ಉಳಿಯುತ್ತದೆ. ಆ ಜಾಗದಲ್ಲಿ ಗಂಟೋ ಮಣಿಯೋ ಬರುವಂತೆ ಲೆಕ್ಕ ಹಾಕಿ.

ಚಪ್ಪಟೆ ಬಾರಿನ ವಾರೆ ಬೇರೆ ಜಾತಿಯದು. ಉದ್ದದ ಬಾರು ಬೇಕೆಂದು ಚರ್ಮವನ್ನು ಹೊರಗಿನಿಂದ ಒಳಗೆ ಸುತ್ತುಸುತ್ತಾಗಿ ಕತ್ತರಿಸುತ್ತಾರೆ. ಹಾಗಾಗಿ ಹೊರ ಅಂಚು ಉದ್ದ, ಒಳ ಅಂಚು ಗಿಡ್ಡ. ಒಳ ಅಂಚು ಹಿಗ್ಗಿದರೆ ಮಾತ್ರ ಬಾರು ನೇರವಾಗುತ್ತದೆ. ಇದಕ್ಕೆ ಚೆನ್ನಾಗಿಯೇ ತೇವ ಬೇಕು, ಎಳೆತವೂ ಸ್ವಲ್ಪ ಜಾಸ್ತಿ ಬೇಕು. ಒಂದು ತುದಿಯನ್ನು ಮರದ ಹಲಗೆಗೆ ಬಟ್ಟೆ ಸುತ್ತಿದ ಕ್ಲಾಂಪಿನಿಂದ ಬಿಗಿದು, ಬೆರಳುಗಳ ನಡುವೆ ಜಾರಿಸುತ್ತಾ ಎಳೆದು, ಇನ್ನೊಂದು ತುದಿಯನ್ನೂ ಹಾಗೇ ಬಿಗಿದು ಒಣಗಿಸಿ. ನೂರಕ್ಕೆ ನೂರು ನೇರ ಬರುವುದು ಅಪರೂಪ. ಇಂಥ ಬಾರನ್ನು ಜಡೆ ಹೆಣೆಯುವ ಕೆಲಸಕ್ಕೆ ಇಟ್ಟುಕೊಳ್ಳಿ, ಹೆಣಿಗೆಯಲ್ಲಿ ವಾರೆ ಕಾಣುವುದೇ ಇಲ್ಲ.

ಒಣಗಿ ಬಿರುಸಾದ ದಾರಕ್ಕೆ ತೇವ ಕೊಟ್ಟು ನೆಟ್ಟಗೆ ಮಾಡಿದ ಮೇಲೆ, ಇನ್ನೂ ಚೂರು ತೇವ ಇರುವಾಗಲೇ ಬಟ್ಟೆಗೆ ಎರಡು ಹನಿ ಹರಳೆಣ್ಣೆ ಹಾಕಿ ಇಡೀ ಉದ್ದಕ್ಕೆ ಒಂದು ಸಲ ಸವರಿ. ಹಳ್ಳಿಗಳಲ್ಲಿ ಎಕ್ಕಡಕ್ಕೆ ಹಚ್ಚುವುದು ಇದನ್ನೇ. ಎರಡೇ ಹನಿ, ಸುರಿಯುವುದಲ್ಲ. ಎಣ್ಣೆ ಹೆಚ್ಚಾದರೆ ದಾರ ಜೋತುಬೀಳುತ್ತದೆ, ಬಣ್ಣ ಕಪ್ಪಾಗುತ್ತದೆ, ಬಟ್ಟೆಗೆ ಕಲೆ ಹತ್ತುತ್ತದೆ. ಒಣಗಿದ ಮೇಲೆ ಜೇನುಮೇಣದ ತುಂಡಿನಿಂದ ಉಜ್ಜಿ ಬಟ್ಟೆಯಲ್ಲಿ ತಿಕ್ಕಿದರೆ ತೇವ ಬೇಗ ಆರುವುದಿಲ್ಲ.

ಚರ್ಮವಲ್ಲದಿದ್ದರೆ

ರೆಕ್ಸಿನ್ ದಾರಕ್ಕೆ ಮೇಲಿನ ಯಾವುದೂ ನಾಟುವುದಿಲ್ಲ, ಅದು ನೀರು ಕುಡಿಯುವುದಿಲ್ಲ. ಅದಕ್ಕೆ ಬಿಸಿಯೇ ಮದ್ದು: ಕೈಗೆ ಚುರುಕು ತಾಗುವಷ್ಟು ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಎಳೆದು ಹಿಡಿದು, ತಣ್ಣಗಾಗುವವರೆಗೂ ಹಾಗೇ ಇರಿ. ಮೇಲ್ಮೈ ಮಖಮಲ್ಲಿನಂತಿರುವ ನಕಲಿ ಸ್ವೇಡ್ ಬಾರಿಗೆ ಇಡ್ಲಿ ಪಾತ್ರೆಯ ಹಬೆ ಸಾಕು. ಮೇಣದ ಹತ್ತಿ ದಾರಕ್ಕೆ ಇಸ್ತ್ರಿ ಹಾಕಿದರೆ ನೇರವಾಗುತ್ತದೆ, ಮೇಣ ಮಾತ್ರ ಬಟ್ಟೆಗೆ ಹೋಗುತ್ತದೆ, ಮತ್ತೆ ಹಚ್ಚಬೇಕು.

ಇಡುವುದು, ಕೊಳ್ಳುವುದು

ಸಣ್ಣ ಉಂಡೆಯಲ್ಲಿ ಬಂದ ದಾರವನ್ನು ಬಂದ ದಿನವೇ ಬಿಚ್ಚಿ, ಊಟದ ತಟ್ಟೆಗಿಂತ ಅಗಲವಾದ ಸಿಂಬೆ ಮಾಡಿ ಮರದ ಗೂಟಕ್ಕೆ ತೂಗುಹಾಕಿ. ಹತ್ತಿ ಚೀಲದಲ್ಲಿ ಇಡಬಹುದು. ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಕಟ್ಟಿಟ್ಟರೆ ಬೂಷ್ಟು ಬರುವುದು ಖಂಡಿತ.

ಅಂಗಡಿಯಲ್ಲಿ ಕೊಳ್ಳುವಾಗ ಸಾಧ್ಯವಾದರೆ ದೊಡ್ಡ ರೀಲಿನಿಂದ ಮೀಟರ್ ಲೆಕ್ಕದಲ್ಲಿ ಕತ್ತರಿಸಿಕೊಡಲು ಕೇಳಿ. ರೀಲಿನ ಒಳಸುತ್ತಿನ ದಾರಕ್ಕೆ ಬಾಗು ಜಾಸ್ತಿ, ಹೊರಸುತ್ತಿನದೇ ಇರಲಿ ಎನ್ನಿ. ಕತ್ತರಿಸುವ ಮುಂಚೆ ತುದಿಯನ್ನು ತೋರುಬೆರಳಿಗೆ ಒಂದು ಸುತ್ತು ಸುತ್ತಿ ಬಿಡಿ. ಸದ್ದಿಲ್ಲದೆ ಬಿಚ್ಚಿಕೊಂಡರೆ ತೆಗೆದುಕೊಳ್ಳಿ. ಚಿಟಿಚಿಟಿ ಅಂದರೆ, ಇಲ್ಲವೇ ಬಣ್ಣದ ಪದರ ಬೆರಳಿಗೆ ಉದುರಿದರೆ, ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ.